ಮೂರು ಕಣ್ಣಿನ ಫೋನು

1 ಅಕ್ಟೋಬರ್ 2025, ಎಕ್ಕಂಬಿ

ಆಯುಧಪೂಜೆ. ಟಿಲ್ಲರ್ ತೊಳೆದೆ. ಸ್ಕೂಟರ್ ತೊಳೆದೆ. ಕುಡುಗೋಲು, ಗುದ್ದಲಿ ಸಾಲಾಗಿಟ್ಟೆ. ಕೊನೆಗೆ ಹೊಸ ಫೋನು — ನಿನ್ನೆ ಸಿರಸಿಯಿಂದ ತಂದದ್ದು. ಬೆನ್ನಿಗೆ ಮೂರು ಕ್ಯಾಮೆರಾ. ನಾನು ಎಳೆದದ್ದೂ ಮೂರು ಪಟ್ಟಿ ವಿಭೂತಿ. ಇಂಥಾ ಪೂಜೆ ಈ ಊರಲ್ಲಿ ಇನ್ನೊಬ್ಬ ಮಾಡಿದ್ದರೆ ಮೀಸೆ ಬೋಳಿಸುತ್ತೇನೆ.

ಮೊದಲ ಟಚ್ ಫೋನು ತಂದಾಗ ಜಗಲಿ ತುಂಬ ಜನ. ಮುಟ್ಟಿ ನೋಡಲಿಕ್ಕೆ ಪಾಳಿ. ಸಾವಿತ್ರಿ ಮೂರು ಸಲ ಚಹಾ ಕಾಸಿದ್ದಳು. ಇವತ್ತು ಬಂದವ ಪಕ್ಕದ ಮನೆ ಬಸವರಾಜ ಒಬ್ಬನೇ. ಅದೂ ಸ್ಪ್ಯಾನರ್ ಕೇಳಲಿಕ್ಕೆ.

"ಮತ್ತೊಂದ? ಹಳೇದ್ರಂಗೇ ಐತಲ್ಲೋ ಚಂದ್ರಣ್ಣ."

ಸ್ಪ್ಯಾನರ್ ಒಯ್ದ. ಸಾವಿತ್ರಿ ಮಾತ್ರ ಕೈಯಲ್ಲಿ ಹಿಡಿದು "ಭಾಳ ಛಲೋ ಐತ್ರಿ" ಅಂದಳು. ಹೆಂಡತಿ ಅಂದರೆ ಹೀಗಿರಬೇಕು.

3 ಅಕ್ಟೋಬರ್

ಮೋಸ! ಫೋಟೋ ಎಲ್ಲ ಮಬ್ಬು. ಸಾವಿತ್ರಿಯನ್ನ ದಾಸವಾಳದ ಗಿಡದ ಹತ್ತಿರ ನಿಲ್ಲಿಸಿ ತೆಗೆದೆ — ಯಾರ ಹೆಂಡತಿಯೋ ಹೇಳಲಿಕ್ಕಾಗದು. ದೀಪದ ಸುತ್ತ ಬಳೆಯಂಥ ಉಂಗುರ. ಕಂಪನಿಯ ವಂಶವನ್ನೇ ಜಾಲಾಡಿದೆ.

ಅವಳು ಅಕ್ಕಿ ಆರಿಸುತ್ತ — "ಇಷ್ಟ್ಯಾಕ ಒದರ್ತೀರಿ? ನನಗ ಎಲ್ಲಾರೂ ಹಂಗ ಕಾಣ್ತಾರ. ದೀಪಕ್ಕ ಉಂಗುರಾನೂ ಐತಿ. ನಾ ಯಾರ ಮ್ಯಾಲ ಒದರೇನಿ?"

"ಮುದುಕಿ ಆದಿ" ಅಂದು ನಕ್ಕೆ.

4 ಅಕ್ಟೋಬರ್

ಸಿರಸಿ ಅಂಗಡಿ. ನಾಲ್ಕು ಗಿರಾಕಿಗಳ ಮುಂದೆ ಗುಡುಗಿದೆ. ಕೌಂಟರಿನ ಪ್ರತಿಭಾ ಫೋನು ತಿರುಗಿಸಿದಳು. ಮೂಸಿದಳು.

"ಕಾಕಾ, ಕ್ಯಾಮೆರಾಕ್ಕೂ ವಿಭೂತಿ ಬಳದೀರಲ್ರೀ!"

ಪೂಜೆಯದು ಒರೆಸಬಾರದು ಅಂತ ಬಿಟ್ಟಿದ್ದೆ. ಬಟ್ಟೆಯಿಂದ ಎರಡು ಸಲ ಉಜ್ಜಿದಳು. ಲಕಲಕ. ಎಲ್ಲರೂ ನಕ್ಕರು. "ನಿನ್ನ ಪರೀಕ್ಷೆ ಮಾಡಿದ್ದು" ಅಂದು ನಾನೂ ನಕ್ಕೆ.

ಬಸ್ಸಿನಲ್ಲಿ ನನ್ನ ನಗು ನಿಂತಿತು. ಫೋನು ಮಬ್ಬಾದರೆ ಮರುದಿನವೇ ಸಿರಸಿಗೆ ಓಡಿದೆ. ಅವಳ ಕಣ್ಣು ಮಬ್ಬಾದರೆ ನಕ್ಕೆ. ಈಚೆಗೆ ಅನ್ನದಲ್ಲಿ ಕಲ್ಲು ಸಿಕ್ಕಾಗೆಲ್ಲ ತಾಟು ಸರಿಸಿ ಎದ್ದಿದ್ದೇನೆ…

ಮನೆಗೆ ಬಂದು ಕೇಳಿದೆ. "ಯಾವಾಗಿಂದ?"

"ವರ್ಷ ಆತು."

"ಮತ್ತ ಫೋನ್ ಛಲೋ ಐತಿ ಅಂದ್ಯಲ್ಲ?"

"ನಿಮ್ಮ ದನಿ ಕೇಳಿ ಅಂದೆ."

6 ನವೆಂಬರ್, ಕಣ್ಣಿನ ಆಸ್ಪತ್ರೆ

ಪೊರೆಯಂತೆ. ಇವತ್ತು ಬಲಗಣ್ಣಿನ ಆಪರೇಷನ್. ಒಳಗೆ ಕರೆದೊಯ್ಯುವಾಗ ನನ್ನ ಕೈ ಬಿಡಲಿಲ್ಲ. ಸರಿ… ಬಿಡದಿದ್ದವ ನಾನೇ. ನರ್ಸು ಬೈದಳು.

ಹೊರಗೆ ಕುಂತೆ. ಪಕ್ಕದವ ತನ್ನ ಹೊಸ ಫೋನು ತೋರಿಸಿದ. "ಛಲೋ ಐತಿ" ಅಂದೆ. ನೋಡಲಿಲ್ಲ. ಕಣ್ಣೆಲ್ಲ ಆ ಬಾಗಿಲ ಮೇಲೆ.

7 ನವೆಂಬರ್

ಪಟ್ಟಿ ಬಿಚ್ಚಿದರು. ಇಸ್ತ್ರಿ ಅಂಗಿ ತೊಟ್ಟು ಎದುರಿಗೇ ನಿಂತಿದ್ದೆ. ನೋಡಿದಳು. ಬಹಳ ಹೊತ್ತು.

"ತಲಿ ಇಷ್ಟ್ ಬೆಳ್ಳಗ ಯಾವಾಗ ಆತ್ರಿ?"

"ನಿನ್ನ ಕಾದು ಕಾದು."

ಕೈ ಚಾಚಿ ಗಲ್ಲ ಮುಟ್ಟಿದಳು. ಹತ್ತು ಜನರ ಮುಂದೆ!

12 ನವೆಂಬರ್

ಎಡಗಣ್ಣು ಮುಂದಿನ ತಿಂಗಳು. ಕರಿ ಕನ್ನಡಕ ಹಾಕಿಕೊಂಡು ಮನೆಯೆಲ್ಲ ತಪಾಸಣೆ. ಜೇಡರಬಲೆ ಅವಳಿಗೆ ಕಾಣುತ್ತದೆ, ಕಸಬರಿಗೆ ನನ್ನ ಕೈಗೆ ಬರುತ್ತದೆ.

ಮೊದಲೆಲ್ಲ ಈ ನೋಟ್‌ಬುಕ್ ಎಲ್ಲಿ ಬಚ್ಚಿಟ್ಟರೂ ಹುಡುಕಿ ಓದುತ್ತಿದ್ದಳು. ಒಂದು ವರ್ಷದಿಂದ ಕಿಟಕಿಯಲ್ಲೇ ಬಿದ್ದಿತ್ತು, ಮುಟ್ಟಿರಲಿಲ್ಲ. ನನ್ನ ಮೇಲಿನ ಆಸೆ ಹೋಯಿತು ಅಂದುಕೊಂಡಿದ್ದೆ. ದಡ್ಡ.

ಈಗ ಬೆನ್ನ ಹಿಂದೆ ಬಂದು ನಿಂತಿದ್ದಾಳೆ.

"ಕೈ ಸರಸ್ರಿ. ಅಲ್ಲೆ ನನ್ನ ಸುದ್ದಿ ಐತಿ."

ತಡಿಯೇ, ಇನ್ನೂ ಮುಗಿ—