ಒಂದು ಕಡಿಮೆ ಬಿದ್ದ ಕೇಕು

ಅಕ್ಟೋಬರ್ 7, ಸೋಮವಾರ

ಬೆಳಗಿನ ವ್ಯಾಯಾಮ ಮುಗಿಯಿತು. ಒಂಬತ್ತು ಜನರ ಬಿಪಿ ನೋಡಿದೆ. ನನ್ನ ಆನ್‌ಲೈನ್ 'ಜೊತೆಗಾರರ ಕಟ್ಟೆ'ಗೆ ಮೂರನೇ ವಾರ. ಹೆಸರು ಹೇಳದೆ ಕಷ್ಟ ಬರೆಯಬಹುದು, ಸಹೋದ್ಯೋಗಿಗಳೇ ಉತ್ತರಿಸಬೇಕು. ಕಂಪನಿಯ ನರ್ಸು ನಾನು, ಬಾಯಿ ಹಾಕುವಂತಿಲ್ಲ. ಈ ಆಫೀಸಿನ ಮೂವತ್ತನಾಲ್ಕು ಜನಕ್ಕೆ ಮಾತ್ರ – ಸಣ್ಣ ಗುಂಪಾದರೆ ಬಿಚ್ಚಿ ಮಾತಾಡುತ್ತಾರೆಂದು ನನ್ನ ಲೆಕ್ಕ. ಎಲ್ಲರೂ ಬರೆಯುವುದು ಒಂದೇ, ಸಂಜೆ ಆಫೀಸು ಬಿಡುವಾಗ ಹೇಳುವ ಉಪಚಾರದ ಮಾತು: "ದಣಿದಿದ್ದೀರಿ, ವಂದನೆಗಳು." ನೋಟಿಸ್ ಬೋರ್ಡೇ ವಾಸಿ.

ಅ. 15, ಮಂಗಳವಾರ, ಬೆಳಿಗ್ಗೆ 7.40

ರೈಲಿನಲ್ಲಿದ್ದೇನೆ. ಕೊನೆಗೂ ಒಬ್ಬರು ಬರೆದರು! ಇಟ್ಟುಕೊಂಡ ಹೆಸರು 'ಹಳೇ ಪೆನ್ಸಿಲ್' ಅಂತೆ.

"ಅಪ್ಪನ ಅಸ್ಥಿ ಸಮಾಧಿಯಲ್ಲಿಟ್ಟು ಬಂದೆ. ಹದಿನೆಂಟು ವರ್ಷ ಮಾತಿರಲಿಲ್ಲ. ಆಫೀಸಲ್ಲಿ ಊರು ಸುತ್ತೋಕೆ ಹೋಗ್ತೀನಿ ಅಂತ ಸುಳ್ಳು ಹೇಳಿದ್ದೆ. ಬರುವಾಗ ಸ್ಟೇಷನ್ನಲ್ಲಿ ಆಫೀಸಿನ ಎಲ್ಲರಿಗೂ ಸೇಬಿನ ಕೇಕು ತಗೊಂಡೆ. ಎಣಿಸಿದರೆ ನನಗೇ ಒಂದು ಕಡಿಮೆ. ಅಲ್ಲೇ ಅತ್ತುಬಿಟ್ಟೆ."

ಖುಷಿಯಾಯಿತು. ನಾಚಿಕೆಗೆಟ್ಟ ಖುಷಿ.

8.25

ನನ್ನ ಮೇಜಿನ ಮೇಲೆ ಸೇಬಿನ ಕೇಕು. ಎಲ್ಲರ ಮೇಜಿನ ಮೇಲೂ. ನಕ್ಷೆ ವಿಭಾಗದ ಕುರಾಮೊಚಿ ಸಾನ್ ತಲೆ ಬಾಗಿಸುತ್ತಾ ಹಂಚುತ್ತಿದ್ದಾರೆ. ಯಾವ ಊರಿಗೆ ಹೋದರೂ ಆಫೀಸಿನ ಎಲ್ಲರಿಗೂ ತಿಂಡಿ ತರುವ ಜನ ನಾವು ಜಪಾನಿನವರು. ಇಲ್ಲಿ ಗುಟ್ಟು ನಿಲ್ಲುತ್ತದೆಯೇ? ನನ್ನ ಮಂಡೆಗೆ ಇಷ್ಟೂ ಹೊಳೆಯಲಿಲ್ಲ. ಎಲ್ಲರೂ ಏನೂ ಓದದವರ ಹಾಗೆ ಕೂತಿದ್ದಾರೆ.

ಅ. 16

ಕುರಾಮೊಚಿ ಸಾನ್ ನನ್ನ ಕೋಣೆಗೆ ಬಂದರು.

"ಇಸೊಬೆ ಸಾನ್, ಆರೋಗ್ಯದ ಕಾರಣಕ್ಕೆ ಕೊಡೋ ವರ್ಗಾವಣೆ ಫಾರಂ ಇದ್ಯಾ?"

"ಆ ಬರಹ ತೆಗೆದುಬಿಡ್ಲಾ?"

"ಎಲ್ರೂ ಓದಾಯ್ತಲ್ಲ. ತೆಗೆದ್ರೆ, ತೆಗೆದದ್ದನ್ನೂ ಓದ್ತಾರೆ."

ಫಾರಂ ಕೊಟ್ಟೆ. ನನ್ನಿಂದಲೇ ಈ ಮನುಷ್ಯ ಊರು ಬಿಡುವಂತಾಯಿತು.

ಅ. 18, ಶುಕ್ರವಾರ

ಬೆಳಿಗ್ಗೆ ಕುರಾಮೊಚಿ ಸಾನ್ ಮೇಜಿನ ಮೇಲೆ ಅರ್ಧ ಕೇಕು. ಟಿಶ್ಯೂವಿನಲ್ಲಿ ಸುತ್ತಿತ್ತು, ಹೆಸರಿಲ್ಲ. ಹತ್ತು ಗಂಟೆಗೆ ಮೂರು ಅರ್ಧ. ಹನ್ನೊಂದಕ್ಕೆ ಏಳು. ಯಾರೂ ತಲೆ ಎತ್ತಿ ನೋಡಲಿಲ್ಲ.

"ಮೊದಲನೇದು ಇಟ್ಟವ್ರು ಯಾರು?" ನನ್ನ ಬಳಿ ಬಂದು ಕೇಳಿದರು.

"ನಂಗೆ ಗೊತ್ತಿಲ್ಲ, ನಿಜವಾಗ್ಲೂ."

"ನಿಮಗೂ ಗೊತ್ತಿಲ್ವಾ? ಹಾಗಾದ್ರೆ ನಿಮ್ಮ ಕಟ್ಟೆ ಸರಿಯಾಗೇ ನಡೀತಿದೆ ಬಿಡಿ."

ಫಾರಂ ವಾಪಸ್ ಕೊಟ್ಟರು. ಖಾಲಿ. ಮೇಲೆ ಕೇಕಿನ ಪುಡಿ.

12.05

ಹೊಸ ನಿಯಮ ಗೀಚುತ್ತಿದ್ದೇನೆ. ಬೇರೆ ಶಾಖೆಗಳನ್ನೂ ಸೇರಿಸಬೇಕು. ಬರಹ ಒಂದು ವಾರ ತಡವಾಗಿ ಕಾಣಬೇಕು... ನನ್ನ ಪಾಲಿನ ಕೇಕು ಡ್ರಾಯರಿನಲ್ಲೇ ಇದೆ, ಇಡಿಯಾಗಿ. ಅವತ್ತು ಅವರ ದುಃಖ ಓದಿ ಖುಷಿಪಟ್ಟವಳು ಅದನ್ನು ಹೇಗೆ ತಿನ್ನಲಿ? ಚಾಕು ತಂದಿದ್ದೇನೆ. ಎಲ್ಲರೂ ಊಟಕ್ಕೆ ಎದ್ದರು. ಕುರಾಮೊಚಿ ಸಾನ್ ಕೂಡ ಎದ್ದರು. ಈಗ ಹೋಗಿ ಅರ್ಧ ಇಟ್ಟು – ಅಯ್ಯೋ, ಇತ್ತಲೇ ಬರುತ್ತಿದ್ದಾರೆ, ಕೈಯಲ್ಲಿ ಟಿಶ್ಯೂ ಸುತ್ತಿದ ಅರ್ಧ –