ಗಂಡನ ಹೆಸರು ಹೇಳದವಳು ಹುಚ್ಚಿಯೇ?

ಮಾನ್ಯ ಜಿಲ್ಲಾ ನ್ಯಾಯಾಧೀಶರೇ,

ನನ್ನ ಅಕ್ಕ ಮುರಿಗೆವ್ವ ಹುಚ್ಚಿಯಲ್ಲ. ಹುಚ್ಚಿ ಎಂದು ಬರೆಸಿದವರು ತಾವೇ ನೇಮಿಸಿದ ಪೋಷಕರು, ಅಂದರೆ ನಮ್ಮ ಮನೆಯವರು, ನನ್ನ ಗಂಡ. ಬರುವ ಸೋಮವಾರ ಅವಳನ್ನು ಧಾರವಾಡದ ಹುಚ್ಚಾಸ್ಪತ್ರೆಗೆ ಕಳಿಸಲು ತಮ್ಮ ಅಪ್ಪಣೆ ಬೇಡಲಿದ್ದಾರೆ. ಅದಕ್ಕೇ ಪತ್ರಿಕೆಯಲ್ಲಿ ಕೂಗುತ್ತಿದ್ದೇನೆ. ಮೊದಲು ಬರೆದ ಎರಡು ಅರ್ಜಿ ತಮಗೆ ತಲುಪಲಿಲ್ಲ. ಟಪಾಲಿಗೆ ಹಾಕಿರೆಂದು ನಮ್ಮ ಮನೆಯವರ ಕೈಗೇ ಕೊಟ್ಟಿದ್ದೆ. ಎಂಥ ಜಾಣೆ ನಾನು!

ನಾವು ಅಕ್ಕತಂಗಿಯರು ಬನವಾಸಿ ಕಡೆಯ ಒಂದೇ ಮನೆಯ ಅಣ್ಣತಮ್ಮಂದಿರ ಕೈಹಿಡಿದವರು. ೧೯೫೮ರಲ್ಲಿ ಭಾವ ನಾಗಪ್ಪನವರು ತೀರಿಕೊಂಡಾಗ ಅಕ್ಕ ಮಾತು ಬಿಟ್ಟಳು, ಉಣ್ಣುವುದನ್ನೂ ಮರೆತಳು. ಆಗ ಪೋಷಕರು ಬೇಕಿತ್ತು, ಸುಳ್ಳೇಕೆ ಹೇಳಲಿ? ಆದರೆ ಯಾರನ್ನು ನೇಮಿಸಿದಿರಿ? ಮಕ್ಕಳಿಲ್ಲದ ಅಕ್ಕನ ಗದ್ದೆ ಅವಳ ನಂತರ ಯಾರಿಗೆ ಸೇರುತ್ತದೋ ಆ ಮೈದುನನನ್ನೇ! ಅವಳು ನೆಟ್ಟಗಾದರೆ ನಾಳೆ ದತ್ತು ತೆಗೆದುಕೊಂಡಾಳು, ಗದ್ದೆ ಕೈತಪ್ಪೀತು. ಅವಳು ನೆಟ್ಟಗಾಗದಿರಲಿ ಎಂದು ಬಯಸಲು ಬೇರೆ ಕಾರಣ ಬೇಕೆ? ಇಡೀ ಶಿರಸಿ ತಾಲೂಕಿನಲ್ಲಿ ಇನ್ನೊಬ್ಬ ಮನುಷ್ಯ ಸಿಗಲಿಲ್ಲವೆ?

ಈಗ ಅಕ್ಕ ರೊಟ್ಟಿ ಬಡಿಯುತ್ತಾಳೆ, ಬಿತ್ತನೆಯ ಭತ್ತ ಆರಿಸುತ್ತಾಳೆ, ನನ್ನನ್ನು ಬೈಯುತ್ತಾಳೆ. “ನಿನ್ನ ಸಾರಿಗೆ ಉಪ್ಪಿಲ್ಲ, ಖಾರಿಲ್ಲ, ಯಾವ ಪುಣ್ಯಾತ್ಮ ಉಣ್ತಾನ?” ಎಂದಳು ಮೊನ್ನೆ. ಖುಷಿಗೆ ಅತ್ತುಬಿಟ್ಟೆ.

ಕಳೆದ ತಿಂಗಳು ವಿಚಾರಣೆಗೆ ಬಂದ ತಮ್ಮ ಅಧಿಕಾರಿ ಮೈಸೂರು ಕಡೆಯವರು. ಪೋಷಕರನ್ನು ಪಕ್ಕದಲ್ಲೇ ಕೂರಿಸಿಕೊಂಡು, “ನಿನ್ನ ಗಂಡನ ಹೆಸರೇನಮ್ಮ?” ಎಂದರು. ಅಕ್ಕ ತಲೆ ತಗ್ಗಿಸಿದಳು. ನಮ್ಮಲ್ಲಿ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾಳೆ. ಮೂರನೇ ಸಲ ಗದರಿದಾಗ ಅಕ್ಕ ಬಾಯಿಗೆ ಸೆರಗು ಹಿಡಿದು, ತನ್ನ ಮದುವೆಯಲ್ಲಿ ಹೇಳಿದ್ದ ಒಡಪನ್ನೇ ಮೆಲ್ಲಗೆ ಹೇಳಿದಳು: “ವರದಾ ದಂಡ್ಯಾಗ ಹಸರ ಕಬ್ಬ, ನಾಗಪ್ಪನವ್ರ ಮನ್ಯಾಗ ದಿನಾ ಹಬ್ಬ.”

ಅಧಿಕಾರಿಗೆ ಸರಿಯಾಗಿ ಕೇಳಿಸಲಿಲ್ಲ. ಏನೆಂದಳೆಂದು ಪೋಷಕರನ್ನೇ ಕೇಳಿದರು.

“ಗಂಡನ ಹೆಸರು ಕೇಳಿದ್ರ ಕಬ್ಬು, ಹಬ್ಬ ಅಂತಾಳ್ರಿ ಸಾಹೇಬ್ರ. ಏನ್ ಮಾಡೂದ್ರಿ, ತಲಿ ನೆಟ್ಟಗಿಲ್ಲ.”

ಹಾಗೇ ಬರೆದುಕೊಂಡು, ಚಹಾ ಕುಡಿದು ಹೋದರು. ಒಡಪು ಎಂದರೇನೆಂದು ನಮ್ಮ ಮನೆಯವರಿಗೆ ತಿಳಿಯದೆ? ನಾನು ಒಡಪು ಹೇಳುವ ತನಕ ಹೊಸ್ತಿಲು ದಾಟಲು ಬಿಡದವರು ಅವರ ತಂಗಿಯರೇ! ಅಂದಿನಿಂದ ಇಪ್ಪತ್ತು ವರ್ಷ ನಾನೂ ಅವರ ಹೆಸರೆತ್ತಿಲ್ಲ. ನನ್ನನ್ನೇಕೆ ಹುಚ್ಚಿ ಎನ್ನಲಿಲ್ಲ? ಅಧಿಕಾರಿ ಬಂದ ದಿನ ಬಾಗಿಲ ಮರೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಆ ತಪ್ಪು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ.

ಸೋಮವಾರ ಅಕ್ಕನನ್ನು ತಮ್ಮೆದುರಿಗೆ ಕರೆಸಿ, ಪೋಷಕರನ್ನು ಹೊರಗೆ ನಿಲ್ಲಿಸಿ ಕೇಳಿ. ಯಾರ ಆಸ್ತಿಗೆ ವಾರಸುದಾರರೋ ಅವರಿಗೇ ಪೋಷಕರಾಗುವುದನ್ನು, ಪೋಷಕರೇ ಸಾಕ್ಷಿಯೂ ದುಭಾಷಿಯೂ ಆಗುವುದನ್ನು ನಿಲ್ಲಿಸಿ. ಅಷ್ಟರೊಳಗೆ ಒಮ್ಮೆ ತಮ್ಮ ಮನೆಯಲ್ಲೂ ಅಮ್ಮಾವರಿಗೆ ಅವರ ಗಂಡನ ಹೆಸರು ಕೇಳಿ ನೋಡಿ.

ನನ್ನ ಬುದ್ಧಿಯ ಮೇಲೆ ಯಾರಿಗೂ ಸಂಶಯ ಬಾರದಿರಲೆಂದು, ಒಡಪಿಲ್ಲದೆ ಮೊದಲ ಸಲ ಬರೆಯುತ್ತಿದ್ದೇನೆ.

ಇಂತಿ,
ತಡವಾಗಿ ಬಾಯಿಬಿಟ್ಟ ತಂಗಿ
ಗುರುಶಾಂತವ್ವ
ಗಂಡನ ಹೆಸರು: ಚಂದ್ರಶೇಖರಪ್ಪ