ಕೊಳವೆ ಆರುವ ತನಕ

ಬಾಲಿಗಂಜ್, ೨೦೦೭

ಮಾವನವರಿಗೆ,

ನೀವು ತೀರಿಕೊಂಡು ವರ್ಷವಾಯಿತು. ಆದರೂ ಇವತ್ತಿನದನ್ನು ನಿಮಗೇ ಹೇಳಬೇಕು.

ಚರ್ಚಿನ ಆರ್ಗನ್ನಿನಲ್ಲಿ ಮೂಕವಾಗಿದ್ದ ಒಂದು ಕೊಳವೆಯನ್ನು ಬಿಚ್ಚಿದೆ. ಬಾಯಿಯ ಸೀಳಿನಲ್ಲಿ ಧೂಳು ಕಟ್ಟಿತ್ತು. ಆ ಸೀಳಿನಿಂದ ಹೊರಟ ಗಾಳಿ ಮೇಲ್ದುಟಿಯ ಅಂಚಿಗೆ ತಾಗಿ ಒಳಗೂ ಹೊರಗೂ ಓಲಾಡಿದರೆ ಮಾತ್ರ ಕೊಳವೆ ಹಾಡುತ್ತದೆ ಎಂದು ಕಲಿಸಿದವರು ನೀವು. ನಿಮ್ಮ ಹಾಗೆಯೇ ಕೋಳಿಪುಕ್ಕದಿಂದ ಒರೆಸಿ, ಕೂರಿಸಿ, ನುಡಿಸಿದೆ. ಸ್ವರ ಏರಿದೆ ಎಂದು ಶ್ರುತಿ ಅಳೆಯುವ ತಂತ್ರಾಂಶ ಹಾಕಿಟ್ಟಿದ್ದ ನನ್ನ ಆಫೀಸಿನ ಲ್ಯಾಪ್‌ಟಾಪ್ ತೋರಿಸಿತು. ತಿದ್ದಲು ಹೊರಟಿದ್ದೆ. ಅಷ್ಟರಲ್ಲಿ ಕಾವಲಿನ ಬಿಮಲ್‌ದಾ ಕೆಳಗಿನಿಂದ, "ದೀದಿ, ಚಾ" ಎಂದರು.

ಚಹಾ ಕುಡಿದು ಬಂದು ಮತ್ತೆ ನುಡಿಸಿದರೆ ಸ್ವರ ಸರಿಯಾಗಿಯೇ ಇತ್ತು. ನಾನೇನೂ ಮಾಡಿರಲಿಲ್ಲ. ಅಷ್ಟು ಹೊತ್ತು ಹಿಡಿದಿದ್ದ ನನ್ನ ಕೈಯ ಬಿಸಿಗೆ ಒಳಗಿನ ಗಾಳಿ ಕಾದು ಸ್ವರ ಏರಿತ್ತು, ಆರಿದ ಮೇಲೆ ಇಳಿದಿತ್ತು.

ಮೂರು ವರ್ಷದ ಹಿಂದೆ ನೀವು ಶ್ರುತಿ ಮಾಡಿದ ಕೊಳವೆಯನ್ನು ಚರ್ಚಿನ ಕಮಿಟಿಯವರ ಮುಂದೆ ಹೀಗೆಯೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ, ಸ್ವರ ಏರಿದೆ, ನಿಮ್ಮ ಕಿವಿ ಮೊದಲಿನ ಹಾಗಿಲ್ಲ ಎಂದುಬಿಟ್ಟಿದ್ದೆ. ನೀವು ನಕ್ಕು, "ಇನ್ನ ಮ್ಯಾಲ ನೀನ ನೋಡ್ಕೋವಾ" ಎಂದು ಶ್ರುತಿ ಮಾಡುವ ಸಾಮಾನಿನ ಚೀಲವನ್ನು ನನಗೆ ಕೊಟ್ಟಿರಿ. ಆಮೇಲೆ ನೀವು ಆರ್ಗನ್ನಿರುವ ಅಟ್ಟದ ಮೆಟ್ಟಿಲು ಹತ್ತಲಿಲ್ಲ.

ಆ ಚೀಲ ನನಗೆ ಎಷ್ಟೊಂದು ಭಾನುವಾರಗಳ ಸಂತೋಷ ಕೊಟ್ಟಿದೆ. ಅದಕ್ಕೆ ಋಣಿ. ಆ ನಗುವಿಗೆ ಇನ್ನೂ ಹೆಚ್ಚು. ಪರೀಕ್ಷೆಗೆ ಮುಂಚೆ ಆ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸುತ್ತ ನಿಂತಿದ್ದವಳು ನಾನು. ನೀವು ನನ್ನ ಕೈಗಳನ್ನೇ ನೋಡುತ್ತಿದ್ದಿರಿ. ಯಾರಿಗೂ ಹೇಳಲಿಲ್ಲ.

ನಿಮ್ಮ ಸೊಸೆ,
ಸುಗುಣಾ